ಸ್ಕ್ಯಾನರ್ ಮುಂದೆ ನಿಲ್ಲುವ ಮೊದಲು

ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯಲ್ಲಿ ಬೆಲ್ಟ್ ಬಿಚ್ಚಿ, ಟ್ರೇ ತುಂಬಿ, ಹಿಂದಿನವರು ಕಾಯುತ್ತಿದ್ದಾರೆಂಬ ಗಡಿಬಿಡಿಯಲ್ಲಿರುವಾಗ ಯಾರಿಗೂ ಪ್ರಶ್ನೆ ಕೇಳುವ ವ್ಯವಧಾನ ಇರುವುದಿಲ್ಲ. ಮೈಯನ್ನು ತಪಾಸಿಸುವ ಈ ಯಂತ್ರದಿಂದ ಏನಾದರೂ ಆದೀತೇ, ಬಟ್ಟೆಯೊಳಗಿನ ಮೈ ಅವರಿಗೆ ಕಾಣುತ್ತದೆಯೇ ಎಂಬ ಅಳುಕು ಒಳಗೇ ಉಳಿದುಬಿಡುತ್ತದೆ. ಎರಡೂ ನ್ಯಾಯವಾದ ಪ್ರಶ್ನೆಗಳು. ಉತ್ತರ ಮಾತ್ರ ಯಂತ್ರದಿಂದ ಯಂತ್ರಕ್ಕೆ ಬೇರೆ. ಹಾಗಾಗಿ ಮೊದಲ ಕೆಲಸ, ಎದುರಿಗಿರುವುದು ಯಾವುದೆಂದು ತಿಳಿಯುವುದು.

1. ಯಂತ್ರವನ್ನು ಗುರುತಿಸಿ

ಬಾಗಿಲ ಚೌಕಟ್ಟಿನಂತಿದ್ದು, ನಡೆದು ದಾಟುವಂಥದ್ದು ಮೆಟಲ್ ಡಿಟೆಕ್ಟರ್. ಅದರಲ್ಲಿರುವುದು ದುರ್ಬಲ ಕಾಂತಕ್ಷೇತ್ರ. ಲೋಹ ಬಿಟ್ಟು ಬೇರೇನೂ ಅದಕ್ಕೆ ತಿಳಿಯದು. ಗಾಜಿನ ಗೂಡಿನಂಥದ್ದರೊಳಗೆ ಕೈ ಮೇಲೆತ್ತಿ ನಿಲ್ಲಿಸಿದರೆ ಅದು ಬಹುತೇಕ ಮಿಲಿಮೀಟರ್ ತರಂಗದ ಸ್ಕ್ಯಾನರ್. ಎರಡು ದೊಡ್ಡ ಪೆಟ್ಟಿಗೆಗಳ ನಡುವೆ ನಿಲ್ಲಿಸುತ್ತಿದ್ದ ಬ್ಯಾಕ್‌ಸ್ಕ್ಯಾಟರ್ ಎಂಬ, ಮೈಗೆ ತಾಗಿ ಮರಳುವ ಎಕ್ಸ್-ರೇಯಿಂದ ಚಿತ್ರ ಮೂಡಿಸುವ ಯಂತ್ರವೂ ಒಂದು ಕಾಲಕ್ಕೆ ಸಾಕಷ್ಟು ಬಳಕೆಯಲ್ಲಿತ್ತು. ಗುರುತು ಸಿಗದಿದ್ದರೆ ಸಿಬ್ಬಂದಿಯನ್ನು ಕೇಳಿ. ಕೇಳುವುದು ತಪ್ಪಲ್ಲ.

2. ವಿಕಿರಣದ ಲೆಕ್ಕ ಹಾಕಿ

ಮಿಲಿಮೀಟರ್ ತರಂಗಗಳು ರೇಡಿಯೋ ತರಂಗದ ಜಾತಿಯವು. ಬಟ್ಟೆಯನ್ನು ದಾಟಿ ಚರ್ಮಕ್ಕೆ ತಾಗಿ ಮರಳುತ್ತವೆ. ಎಕ್ಸ್-ರೇಯಂತೆ ಜೀವಕೋಶದ ಡಿಎನ್‌ಎಯನ್ನು ಒಡೆಯುವ ಶಕ್ತಿ ಅವಕ್ಕಿಲ್ಲ. ಗರ್ಭಿಣಿಯರು ಇದಕ್ಕಾಗಿ ಹೆದರಬೇಕಿಲ್ಲ, ಆದರೂ ಮನಸ್ಸು ಒಪ್ಪದಿದ್ದರೆ ಕೈಯಿಂದ ತಪಾಸಣೆ ಮಾಡಿ ಎಂದು ಕೇಳಬಹುದು.

ಬ್ಯಾಕ್‌ಸ್ಕ್ಯಾಟರ್ ಮಾತು ಬೇರೆ. ಒಮ್ಮೆ ನಿಂತರೆ ತಗಲುತ್ತಿದ್ದದ್ದು ಸುಮಾರು 0.1 ಮೈಕ್ರೋಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ಅಥವಾ ಅದಕ್ಕೂ ಕಡಿಮೆ. ವಿಮಾನ ಎತ್ತರದಲ್ಲಿ ಹಾರುವಾಗ ಬಾಹ್ಯಾಕಾಶದ ಕಿರಣಗಳಿಂದ ಗಂಟೆಗೆ ಹೆಚ್ಚುಕಡಿಮೆ 3ರಿಂದ 5 ಮೈಕ್ರೋಸೀವರ್ಟ್ ತಗಲುತ್ತದೆ. ಅಂದರೆ ಆ ಸ್ಕ್ಯಾನ್ ಒಂದೆರಡು ನಿಮಿಷದ ಹಾರಾಟಕ್ಕೆ ಸಮ. ಇಷ್ಟು ಚಿಕ್ಕದಿದ್ದರೂ ಯುರೋಪ್ ಒಕ್ಕೂಟ 2011ರಲ್ಲಿ ಎಕ್ಸ್-ರೇ ಸ್ಕ್ಯಾನರ್‌ಗಳನ್ನು ತನ್ನ ಅನುಮತಿ ಪಟ್ಟಿಯಿಂದ ಹೊರಗಿಟ್ಟಿತು. ಅದು ಸರಿಯಾದ ನಿರ್ಧಾರವೆಂದೇ ನನಗೆ ಅನ್ನಿಸುತ್ತದೆ. ಅದೇ ಕೆಲಸವನ್ನು ಎಕ್ಸ್-ರೇ ವಿಕಿರಣವಿಲ್ಲದೆ ಮಾಡುವ ಯಂತ್ರ ಇರುವಾಗ, ಕೋಟ್ಯಂತರ ಜನರಿಗೆ ಚೂರೇ ಆದರೂ ಅಂಥ ವಿಕಿರಣ ಹಂಚುವುದೇಕೆ?

3. ಮೈಯಲ್ಲಿ ಉಪಕರಣವಿದ್ದರೆ ಮೊದಲೇ ಹೇಳಿ

ನಿಜವಾದ ಎಚ್ಚರ ಬೇಕಿರುವುದು ಇಲ್ಲಿ. ಪೇಸ್‌ಮೇಕರ್ ಇರುವವರು ಮೆಟಲ್ ಡಿಟೆಕ್ಟರನ್ನು ಮಾಮೂಲಿ ವೇಗದಲ್ಲಿ ದಾಟಬಹುದು. ಅದಕ್ಕೆ ಒರಗಿ ನಿಲ್ಲಬಾರದು. ಕೈಯಲ್ಲಿ ಹಿಡಿಯುವ ಡಿಟೆಕ್ಟರನ್ನು ಎದೆಯ ಮೇಲೆ ಹೆಚ್ಚು ಹೊತ್ತು ಹಿಡಿಯದಂತೆ ವಿನಂತಿಸಿ, ಪೇಸ್‌ಮೇಕರ್ ಕಾರ್ಡ್ ಕೈಗೆಟಕುವಂತಿರಲಿ. ಇನ್ಸುಲಿನ್ ಪಂಪ್, ಗ್ಲುಕೋಸ್ ಸೆನ್ಸರ್ ಧರಿಸುವವರು ತಯಾರಕರ ಸೂಚನೆಯನ್ನು ಮನೆಯಲ್ಲೇ ಓದಿಕೊಳ್ಳಬೇಕು: ಕೆಲವನ್ನು ಎಕ್ಸ್-ರೇಗಾಗಲಿ ದೇಹ ಸ್ಕ್ಯಾನರ್‌ಗಾಗಲಿ ಒಡ್ಡಬಾರದೆಂದು ಅವರೇ ಹೇಳಿರುತ್ತಾರೆ. ಹೃದಯಕ್ಕೆಂದು ನೈಟ್ರೋಗ್ಲಿಸರಿನ್ ತೆಗೆದುಕೊಳ್ಳುವವರಿಗೆ ಇನ್ನೊಂದು ಮಾತು. ಕೈ ಒರೆಸಿ ಸ್ಫೋಟಕದ ಕುರುಹು ಹುಡುಕುವ ಪರೀಕ್ಷೆಯಲ್ಲಿ ಆ ಔಷಧಿಯಿಂದಲೇ ಅಲಾರಂ ಆಗಬಹುದು. ಗಾಬರಿಪಡದೆ ಔಷಧಿ, ಚೀಟಿ ತೋರಿಸಿ.

4. ಚಿತ್ರ ಎಲ್ಲಿಗೆ ಹೋಗುತ್ತದೆಂದು ಕೇಳಿ

ಒಳಉಡುಪಿನಲ್ಲಿ ಸ್ಫೋಟಕ ಅಡಗಿಸಿಕೊಂಡು ಒಬ್ಬ 2009ರ ಡಿಸೆಂಬರ್ 25ರಂದು ಅಮೆರಿಕದ ಡೆಟ್ರಾಯಿಟ್‌ಗೆ ಹೊರಟ ವಿಮಾನದಲ್ಲಿದ್ದ. ಮೆಟಲ್ ಡಿಟೆಕ್ಟರ್‌ಗೆ ಅದು ಸಿಗುವಂಥದ್ದಾಗಿರಲಿಲ್ಲ. ದೇಹ ಸ್ಕ್ಯಾನರ್‌ಗಳು ಬೇಗಬೇಗ ಹರಡಿದ್ದು ಅದರ ಬೆನ್ನಿಗೇ. ಆಗ ಪರದೆಯ ಮೇಲೆ ಮೈಯ ಆಕಾರವೇ ಕಾಣುತ್ತಿತ್ತು. ಚಿತ್ರ ಉಳಿಸುವುದಿಲ್ಲ ಎಂಬ ಭರವಸೆ ಎಷ್ಟು ಗಟ್ಟಿ ಎಂಬ ಅನುಮಾನಕ್ಕೆ ಕಾರಣವೂ ಇತ್ತು: ಅಮೆರಿಕದ ಫ್ಲೋರಿಡಾದ ನ್ಯಾಯಾಲಯವೊಂದರ ಸ್ಕ್ಯಾನರ್ 35,000ಕ್ಕೂ ಹೆಚ್ಚು ಚಿತ್ರಗಳನ್ನು ಉಳಿಸಿಕೊಂಡಿತ್ತೆಂದು 2010ರಲ್ಲಿ ಬಯಲಾಯಿತು.

ಪರಿಹಾರ ಬಂದದ್ದು ಸಾಫ್ಟ್‌ವೇರ್‌ನಿಂದ. ಈಗ ಯಂತ್ರವೇ ಅನುಮಾನದ ಜಾಗ ಹುಡುಕಿ, ಎಲ್ಲರಿಗೂ ಒಂದೇ ಆಗಿರುವ ಗೊಂಬೆಚಿತ್ರದ ಮೇಲೆ ಗುರುತು ಹಾಕುತ್ತದೆ. ಅಮೆರಿಕದಲ್ಲಿ ಈ ವ್ಯವಸ್ಥೆ ಅಳವಡಿಸಲಾಗದ ಎಕ್ಸ್-ರೇ ಯಂತ್ರಗಳನ್ನು 2013ರ ಹೊತ್ತಿಗೆ ತೆಗೆಯಲಾಯಿತು. ಸ್ಕ್ಯಾನರ್ ಪಕ್ಕದ ಪರದೆಯಲ್ಲಿ ಗೊಂಬೆಚಿತ್ರ ಕಂಡರೆ ಅರ್ಧ ಚಿಂತೆ ಕಳೆಯಿತು. ಕಾಣದಿದ್ದರೆ ಚಿತ್ರ ಯಾರು ನೋಡುತ್ತಾರೆ, ಉಳಿಸುತ್ತಾರೆಯೇ ಎಂದು ಕೇಳಿ.

5. ಬೇಡವೆನ್ನುವ ಹಕ್ಕನ್ನು ತಿಳಿದುಕೊಳ್ಳಿ

ನಿಯಮ ದೇಶಕ್ಕೊಂದು. ಯುರೋಪ್ ಒಕ್ಕೂಟದಲ್ಲಿ ಸ್ಕ್ಯಾನರ್ ನಿರಾಕರಿಸಿ ಬೇರೆ ತಪಾಸಣೆ ಕೇಳಬಹುದು. ಅಮೆರಿಕದಲ್ಲಿ 2015ರ ಕೊನೆಯಿಂದ ಕೆಲವರಿಗೆ ಸ್ಕ್ಯಾನರ್ ಕಡ್ಡಾಯ ಮಾಡುವ ಅವಕಾಶ ಅಧಿಕಾರಿಗಳಿಗಿದೆ. ಟಿಕೆಟ್ ಕೊಂಡ ದಿನವೇ ಇದನ್ನು ನೋಡಿಕೊಳ್ಳಿ.

6. ಅಲಾರಂ ಆದರೆ

ಬಟ್ಟೆಯ ಮಡಿಕೆ, ಗುಂಡಿ, ಬೆವರಿಗೂ ಸ್ಕ್ಯಾನರ್ ಮೋಸಹೋಗುತ್ತದೆ. ಹ್ಯಾಂಬರ್ಗ್‌ನಲ್ಲಿ ಪ್ರಯೋಗ ನಡೆಸಿದ ಜರ್ಮನಿ, ಸುಳ್ಳು ಅಲಾರಂ ಅತಿಯಾಯಿತೆಂದು 2011ರಲ್ಲಿ ಅದನ್ನು ಮುಂದುವರಿಸಲಿಲ್ಲ. ಹಾಗಾಗಿ ನಿಮ್ಮನ್ನು ಪಕ್ಕಕ್ಕೆ ಕರೆದರೆ ಅಪರಾಧಿಯಂತೆ ಕುಗ್ಗಬೇಡಿ. ಮುಟ್ಟಿ ಪರೀಕ್ಷಿಸುವುದಾದರೆ ನಿಮ್ಮದೇ ಲಿಂಗದ ಸಿಬ್ಬಂದಿ ಬರಲಿ, ಪ್ರತ್ಯೇಕ ಕೋಣೆಯಲ್ಲಾಗಲಿ, ಜೊತೆಗೆ ಬಂದವರು ಸಾಕ್ಷಿಗೆ ಇರಲಿ ಎಂದು ಕೇಳಿ. ನೋವಿರುವ ಜಾಗ, ಶಸ್ತ್ರಚಿಕಿತ್ಸೆಯಾದ ಜಾಗ ಯಾವುದೆಂದು ಕೈ ಇಡುವ ಮೊದಲೇ ಹೇಳಿ. ಏನಾದರೂ ಅತಿಯಾಯಿತು ಅನ್ನಿಸಿದರೆ ಸಮಯವನ್ನೂ ಸಾಲಿನ ಸಂಖ್ಯೆಯನ್ನೂ ಅಲ್ಲೇ ಬರೆದಿಟ್ಟುಕೊಳ್ಳಿ. ದೂರು ಕೊಡುವಾಗ ಬೇಕಾಗುತ್ತದೆ.