ಹಳೇ ಕಾರಿಗೆ ಹೊಸ ಬಾಡಿ ಶೆಲ್ ತರಿಸ್ತಿದ್ದೀರಾ? ಪೇಂಟ್ ಹೊಡೆಸೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ಬಾಡಿ ಶೆಲ್ ಅಂದ್ರೆ ಇಂಜಿನ್, ಚಕ್ರ, ಸೀಟು ಏನೂ ಇಲ್ಲದ ಬರೀ ತಗಡಿನ ಬಾಡಿ. ಎಂಜಿಬಿ (ಇಂಗ್ಲೆಂಡಿನ ಎಂಜಿ ಕಂಪನಿಯ ಹಳೇ ಸ್ಪೋರ್ಟ್ಸ್ ಕಾರು) ಥರದ ಕಾರಲ್ಲಿ ಚಾಸಿ ಬೇರೆ ಬಾಡಿ ಬೇರೆ ಅಂತ ಇರಲ್ಲ, ಬಾಡಿನೇ ಎಲ್ಲಾ ಭಾರ ಹೊರೋದು. ಬಾಗಿಲ ಕೆಳಗಿನ ಸಿಲ್ ತುಕ್ಕು ತಿಂದುಹೋಯ್ತು ಅಂದ್ರೆ, ಅದ್ರಲ್ಲೂ ಮೇಲೆ ಟಾಪ್ ಇಲ್ಲದ ರೋಡ್‌ಸ್ಟರ್ ಆದ್ರೆ, ಕಾರು ಮಧ್ಯದಲ್ಲಿ ಜಗ್ಗಿ ಬಾಗಿಲು ಹಾಕೋಕೂ ಬರಲ್ಲ. ಇಂಥ ಕಾರುಗಳಿಗೇ ಅಂತ ಇಂಗ್ಲೆಂಡಿನ ಬ್ರಿಟಿಷ್ ಮೋಟಾರ್ ಹೆರಿಟೇಜ್‌ನೋರು 1988ರಲ್ಲಿ ಎಂಜಿಬಿಯ ಇಡೀ ಶೆಲ್ಲನ್ನೇ ಹೊಸದಾಗಿ ಮಾಡಿ ಮಾರೋಕೆ ಶುರು ಮಾಡಿದ್ರು. ಎಂಜಿಯ ಆಬಿಂಗ್ಡನ್ ಫ್ಯಾಕ್ಟರಿ ಮುಚ್ಚಿದ್ದು 1980ರಲ್ಲಿ, ಆದ್ರೆ ಹಳೇ ಡೈಗಳು, ಅಂದ್ರೆ ತಗಡು ಒತ್ತಿ ಆಕಾರ ಕೊಡೋ ಅಚ್ಚುಗಳು, ಬಹಳಷ್ಟು ಉಳಿದಿದ್ವು. ಆಮೇಲೆ ಮಿಡ್ಜೆಟ್, ಮಿನಿ ಶೆಲ್ಲೂ ಬಂದ್ವು. ಅಮೆರಿಕದ ಡೈನಾಕಾರ್ನ್‌ನೋರ ಮಸ್ಟಾಂಗ್, ಕಮಾರೋ ಶೆಲ್‌ಗಳ ಕಥೆ ಬೇರೆ, ಅವು ಹಳೇ ಡೈಯಲ್ಲಿ ಒತ್ತಿದ್ದಲ್ಲ, ಹೊಸದಾಗಿ ಟೂಲಿಂಗ್ ಮಾಡಿಸಿ ತೆಗೆದಿದ್ದು.

ಹಳೇ ಡೈ ಅಂದ ತಕ್ಷಣ ಎಲ್ಲಾ ಕರೆಕ್ಟಾಗಿ ಕೂರತ್ತೆ ಅನ್ಕೋಬೇಡಿ. ಡೈನೂ ಸವೆಯತ್ತೆ. ಅದಕ್ಕಿಂತ ಮುಖ್ಯ, ಆಗಿನ ಫ್ಯಾಕ್ಟರಿಗಳಲ್ಲಿ ಕೆಲಸದವರು ಕೈಯಲ್ಲೇ ಬಡಿದು, ಜಾಯಿಂಟಿಗೆ ಸೀಸ ತುಂಬಿ, ಫೈಲ್ ಹಾಕಿ ಸರಿ ಮಾಡ್ತಿದ್ರು, ಅಷ್ಟಾದ್ರೂ ಶೋರೂಮಿಗೆ ಬಂದ ಹೊಸ ಕಾರಲ್ಲೂ ಬಾಗಿಲು, ಬಾನೆಟ್ ಸುತ್ತಲಿನ ಸಂದು ಒಂದೇ ಸಮ ಇರ್ತಿರ್ಲಿಲ್ಲ. ಹಾಗಾಗಿ ಹೊಸ ಶೆಲ್ಲನ್ನ ಇವತ್ತಿನ ಕಾರಿನ ಜೊತೆ ಹೋಲಿಸಿ ಬೈಯೋದು ಅನ್ಯಾಯ. ಅದು ರೆಡಿಮೇಡ್ ಬ್ಲೌಸ್ ಇದ್ದಂಗೆ, ಹಾಕಿ ನೋಡಿ ಅಲ್ಲಲ್ಲಿ ಹಿಡಿಸಿ ಬಿಡಿಸಿ ಮಾಡ್ಲೇಬೇಕು.

ಆರ್ಡರ್ ಕೊಡೋಕೆ ಮುಂಚೆ ನಿಮ್ಮ ಕಾರು ಯಾವ ಕಾಲದ್ದು ಅಂತ ಖಚಿತ ಮಾಡ್ಕೊಳ್ಳಿ. 1967ರ ಕೊನೆಗೆ ಬಂದ ಎಂಜಿಬಿ ಮಾರ್ಕ್ 2ರಲ್ಲಿ ಹೊಸ ಗೇರ್‌ಬಾಕ್ಸಿಗೋಸ್ಕರ ಟನೆಲ್ (ಸೀಟುಗಳ ಮಧ್ಯೆ ನೆಲದಲ್ಲಿ ಉಬ್ಬಿರೋ ಭಾಗ) ಅಗಲ ಮಾಡಿದ್ರು, 1974ರಲ್ಲಿ ರಬ್ಬರ್ ಬಂಪರ್ ಬಂದಾಗ ಕಾರಿನ ಎತ್ತರನೂ ಜಾಸ್ತಿ ಆಯ್ತು ಮೌಂಟಿಂಗೂ ಬದಲಾಯ್ತು. ಹೊರಗಿಂದ ಎಲ್ಲಾ ಒಂದೇ ಥರ ಕಾಣತ್ತೆ, ಸಿಕ್ಕಿಹಾಕ್ಕೊಳ್ಳೋದು ಜೋಡಿಸುವಾಗ.

ಶೆಲ್ ಬಂದ್ಮೇಲೆ ಮೊದಲು ಮಟ್ಟವಾದ ನೆಲದ ಮೇಲೆ ಸ್ಟ್ಯಾಂಡ್ ಕೊಟ್ಟು ಸರಿಯಾಗಿ ಕೂರ್ಸಿ. ಒಂದು ಮೂಲೆ ಎತ್ತರ ಆದ್ರೂ ಶೆಲ್ ತಿರುಚಿಕೊಳ್ಳತ್ತೆ, ಆಮೇಲೆ ಯಾವ ಅಳತೆನೂ ನಂಬೋಕಾಗಲ್ಲ. ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ ಬಾಡಿ ಅಳತೆಯ ಚಿತ್ರ ಇರತ್ತೆ, ಅದನ್ನ ಇಟ್ಕೊಂಡು ಸಸ್ಪೆನ್ಶನ್ ಕೂರೋ ತೂತುಗಳ ಮಧ್ಯೆ ಮೂಲೆಯಿಂದ ಮೂಲೆಗೆ ಅಡ್ಡ ಅಳೀರಿ. ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಬರ್ಬೇಕು, ದೊಡ್ಡ ವ್ಯತ್ಯಾಸ ಬಂದ್ರೆ ಅಲ್ಲೇ ನಿಲ್ಸಿ, ಫೋಟೋ ತೆಗೆದು ಮಾರಿದವರಿಗೆ ಕಳ್ಸಿ. ಒಂದು ಸಲ ಪೇಂಟ್ ಬಿತ್ತು ಅಂದ್ರೆ ಯಾರೂ ವಾಪಸ್ ತಗೊಳಲ್ಲ.

ಆಮೇಲೆ ತಗಡು. ಆ ಕಾಲದ ಬ್ರಿಟಿಷ್ ಕಾರುಗಳ ಹೊರಗಿನ ತಗಡು ಸುಮಾರು 20 ಗೇಜ್, ಅಂದ್ರೆ 0.9 ಮಿಮೀ, ಭಾರ ಹೊರೋ ಜಾಗದಲ್ಲಿ ಇನ್ನೂ ದಪ್ಪ. ಅಂಚು ಸಿಗೋ ಕಡೆ ಮೈಕ್ರೋಮೀಟರ್ ಹಾಕಿ ನೋಡಿ. ಮೇಲಿನ ಕಪ್ಪು ಕೋಟಿಂಗನ್ನ ಥಿನ್ನರ್ ಹಾಕಿದ ಬಟ್ಟೆಯಲ್ಲಿ ಜೋರಾಗಿ ಉಜ್ಜಿ. ಬಣ್ಣ ಬಟ್ಟೆಗೆ ಬಂತಾ, ಅದು ದಾರಿಯಲ್ಲಿ ತುಕ್ಕು ಹಿಡೀದೇ ಇರ್ಲಿ ಅಂತ ಬಳಿದಿದ್ದಷ್ಟೇ, ಪೂರ್ತಿ ಕೆರೆದು ತೆಗೀಬೇಕು. ಬರ್ಲಿಲ್ಲ ಅಂದ್ರೆ ಒಳ್ಳೇ ಇ-ಕೋಟ್ (ಕರೆಂಟ್ ಹಾಯಿಸಿ ಹಿಡಿಸೋ) ಪ್ರೈಮರ್ ಇರ್ಬಹುದು, ಸ್ವಲ್ಪ ಮರಳುಕಾಗದ ಹಾಕಿ ಅದರ ಮೇಲೇ ಎಪಾಕ್ಸಿ ಪ್ರೈಮರ್ ಹೊಡೆಸ್ಬಹುದು. ಸ್ಪಾಟ್ ವೆಲ್ಡ್‌ಗಳ ಸಾಲನ್ನೂ ಟಾರ್ಚ್ ಬಿಟ್ಟು ನೋಡ್ತಾ ಹೋಗಿ, ಎಲ್ಲಾದ್ರೂ ಬಿಟ್ಟುಹೋಗಿದ್ಯಾ, ತಗಡು ಸುಟ್ಟು ತೂತಾಗಿದ್ಯಾ ಅಂತ. ನಟ್ಟುಗಳ ಥ್ರೆಡ್ಡಲ್ಲಿ ಒಂದ್ಸಲ ಟ್ಯಾಪ್ (ಥ್ರೆಡ್ ಕೊರೆಯೋ ಟೂಲ್) ಓಡಿಸಿ, ಎಂಜಿಬಿಯಲ್ಲಿ ಬಹುತೇಕ ಯುಎನ್‌ಎಫ್, ಅಂದ್ರೆ ಇಂಚಿನ ಲೆಕ್ಕದ ಥ್ರೆಡ್, ಕೈಗೆ ಸಿಕ್ಕಿದ ಮೆಟ್ರಿಕ್ ಬೋಲ್ಟ್ ತುರುಕಬೇಡಿ.

ಇನ್ನು ಅಸಲಿ ಕೆಲಸ, ಡ್ರೈ ಫಿಟ್ಟಿಂಗ್, ಅಂದ್ರೆ ಪೇಂಟಿಗೆ ಮುಂಚೆ ಎಲ್ಲಾ ಭಾಗಗಳನ್ನ ಒಂದ್ಸಲ ಜೋಡಿಸಿ ನೋಡೋದು. ಬಹಳ ಜನ ಇದನ್ನೇ ಹಾರಿಸಿ ನೇರ ಪೇಂಟ್ ಬೂತಿಗೆ ಕಳಿಸ್ತಾರೆ, ನನ್ನ ಪ್ರಕಾರ ದುಡ್ಡು ಹಾಳಾಗೋದೇ ಇಲ್ಲಿ. ಬಾಗಿಲು, ಬಾನೆಟ್, ಡಿಕ್ಕಿ ಎಲ್ಲಾ ಕೂರ್ಸಿಯೇ ಶೆಲ್ ಬಂದಿದ್ರೂ ಆ ಸಂದುಗಳನ್ನ ಸೆಟ್ ಮಾಡಿರೋದು ಖಾಲಿ ಬಾಡಿಯಲ್ಲಿ. ಇಂಜಿನ್ ಭಾರ ಬಿದ್ದು ಚಕ್ರದ ಮೇಲೆ ನಿಂತಾಗ ರೋಡ್‌ಸ್ಟರಿನ ಬಾಗಿಲ ಸಂದು ಬದಲಾಗ್ಬಹುದು, ಅದಕ್ಕೆ ಸಸ್ಪೆನ್ಶನ್ ಹಾಕಿ, ಇಂಜಿನ್ ಗೇರ್‌ಬಾಕ್ಸ್ ಅಥವಾ ಅಷ್ಟೇ ತೂಕ ಇಟ್ಟು ಆಮೇಲೆ ಅಡ್ಜಸ್ಟ್ ಮಾಡಿ. ಕ್ರಮನೂ ಮುಖ್ಯ. ಎಂಜಿಬಿಯ ಹಿಂದಿನ ವಿಂಗ್ (ಚಕ್ರದ ಮೇಲಿನ ಹೊರತಗಡು) ವೆಲ್ಡ್ ಆಗಿರತ್ತೆ, ಅಲ್ಲಾಡಲ್ಲ, ಹಾಗಾಗಿ ಮೊದಲು ಬಾಗಿಲನ್ನ ಅದಕ್ಕೆ ಹೊಂದಿಸಿ, ಆಮೇಲೆ ಬೋಲ್ಟಲ್ಲಿ ಕೂರೋ ಮುಂದಿನ ವಿಂಗನ್ನ ಬಾಗಿಲಿಗೆ, ಕೊನೆಗೆ ಬಾನೆಟ್. ಬಾಗಿಲು ಹೊಂದಿಸುವಾಗ ಲಾಕಿನ ಸ್ಟ್ರೈಕರ್ (ಬಾಗಿಲ ಲಾಕ್ ಹೋಗಿ ಸಿಕ್ಕಿಕೊಳ್ಳೋ ಕೊಂಡಿ) ಬಿಚ್ಚಿಡಿ, ಇಲ್ಲಾಂದ್ರೆ ಅದೇ ಬಾಗಿಲನ್ನ ಎಳ್ಕೊಂಡು ಸಂದು ಸರಿ ಇರೋ ಥರ ತೋರಿಸತ್ತೆ.

ರಬ್ಬರ್ ಬೀಡಿಂಗ್ ಹಾಕೇ ನೋಡಿ, ಅದು ಬಾಗಿಲನ್ನ ಹೊರಗೆ ತಳ್ಳತ್ತೆ. ಮುಂದಿನ ಗ್ಲಾಸಿನ ಫ್ರೇಮ್, ಹೆಡ್‌ಲೈಟ್, ಬಂಪರ್, ಪಕ್ಕದ ಕ್ರೋಮ್ ಪಟ್ಟಿ, ಎಲ್ಲಾ ಒಂದ್ಸಲ ಕೂರಬೇಕು. ಆ ಕ್ರೋಮ್ ಪಟ್ಟಿ ಮುಂದಿನ ವಿಂಗಿಂದ ಬಾಗಿಲು ದಾಟಿ ಹಿಂದಿನ ತನಕ ಒಂದೇ ಗೆರೆಯಲ್ಲಿ ಹೋಗ್ಬೇಕು, ಸ್ವಲ್ಪ ಏರುಪೇರಾದ್ರೂ ದೂರದಿಂದಲೇ ಗೊತ್ತಾಗತ್ತೆ. ಬೇಕಾದ ತೂತುಗಳನ್ನೂ ಈಗಲೇ ಕೊರೀರಿ.

ಎಲ್ಲಾ ಸರಿ ಬಂದ್ಮೇಲೆ ಬಿಚ್ಚಿ, ಪ್ರತಿ ಹಿಂಜಿನ ಜಾಗ ಗುರುತು ಮಾಡಿ, ಸಂದು ಹೊಂದಿಸೋಕೆ ಅಡಿಗೆ ಇಟ್ಟ ಪ್ಯಾಕಿಂಗ್ ಪ್ಲೇಟುಗಳನ್ನ ಬೇರೆ ಬೇರೆ ಕವರಲ್ಲಿ ಹಾಕಿ ಹೆಸರು ಬರೆದಿಡಿ. ಪೇಂಟ್ ಒಣಗಿದ ಮೇಲೆ ಸಿಲ್ ಒಳಗೆಲ್ಲಾ ತುಕ್ಕು ಹಿಡೀದಂಗೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗಕ್ಕೆ ಹೊಡೆಯೋ ಮೇಣ) ಹೊಡೆಸಿ, ಆದ್ರೆ ನೀರು ಹೋಗೋ ತೂತು ಮುಚ್ಚಿಹೋಗದಂಗೆ ಆಮೇಲೆ ಒಂದು ತಂತಿ ಚುಚ್ಚಿ ಬಿಡಿ. ಶೆಲ್ಲಿನ ರಸೀದಿ ಹುಷಾರಾಗಿ ಎತ್ತಿಡಿ, ಹಳೇ ಕಾರಿನ ರಿಜಿಸ್ಟ್ರೇಶನ್ ಉಳಿಸ್ಕೊಳ್ಳೋ ವಿಷಯಕ್ಕೆ ಆಫೀಸಿನವರು ಮೊದಲು ಕೇಳ್ಬಹುದಾದ ಕಾಗದ ಅದೇ.