ಸೋಮವಾರಪೇಟೆಯಲ್ಲಿ ಕೂತು ಥೆರಪಿಸ್ಟ್ ಹುಡುಕಿದ್ದು

ಅಮ್ಮ ತೀರಿಕೊಂಡ ಮೇಲೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ವಾರ ವಾರ ಮೈಸೂರಿಗೆ ಓಡಾಡುವುದು ಆಗದ ಮಾತು. ಹಾಗಾಗಿ ಆನ್‌ಲೈನ್‌ನಲ್ಲಿ ಹುಡುಕಿದೆ. ಆ್ಯಪ್‌ಗಳಲ್ಲಿ ಎಲ್ಲರೂ ‘ಸರ್ಟಿಫೈಡ್’. ಸರ್ಟಿಫಿಕೇಟ್ ಕೊಟ್ಟವರು ಯಾರು ಅಂತ ಮಾತ್ರ ಬರೆದಿರುವುದಿಲ್ಲ!

ಕ್ಲಿನಿಕಲ್ ಸೈಕಾಲಜಿಸ್ಟ್ ಅಂದವರ ಹತ್ತಿರ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿದೆ. ‘ಸಿಆರ್‌ಆರ್ ನಂಬರ್’ ಅಂದರೆ ಅವರಿಗೆ ಗೊತ್ತಾಗುತ್ತದೆ. ಪರಿಷತ್ತಿನ ವೆಬ್‌ಸೈಟ್‌ನಲ್ಲಿ ಹೆಸರು ತಾಳೆ ನೋಡಿದೆ. ಇವರು ಮಾತ್ರೆ ಬರೆಯುವಂತಿಲ್ಲ. ಅದಕ್ಕೆ ಮನೋವೈದ್ಯರೇ ಬೇಕು, ಅವರ ನೋಂದಣಿ ವೈದ್ಯಕೀಯ ಪರಿಷತ್ತಿನಲ್ಲಿ ಇರುತ್ತದೆ. ಸುಮ್ನೆ ‘ಕೌನ್ಸೆಲರ್’ ಅಂತ ಹಾಕಿಕೊಂಡವರನ್ನು ಏನು ಓದಿದ್ದೀರಿ, ಎಲ್ಲಿ ಅಂತ ಕೇಳಿ. ಬೇಜಾರು ಮಾಡಿಕೊಂಡರೆ ಬಿಟ್ಟುಬಿಡಿ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುವುದೇ ಜಾಸ್ತಿ. ವಿಡಿಯೋ ಕಟ್ಟಾದರೆ ಬರೀ ಫೋನಿನಲ್ಲಿ ಮಾತಾಡುತ್ತೀರಾ, ಕೊಟ್ಟ ಫೀಸು ಹೋಗುತ್ತದಾ ಅಂತ ಮೊದಲೇ ಕೇಳಿದೆ. ಇದಕ್ಕೆ ಒಪ್ಪಿದ, ಕನ್ನಡ ಬರುವವರನ್ನೇ ಹಿಡಿದೆ. ಅಳುವಾಗ ಇಂಗ್ಲಿಷ್ ಎಲ್ಲಿಂದ ಬರಬೇಕು, ಅಲ್ವಾ?

ಅವರ ಅಪಾಯಿಂಟ್‌ಮೆಂಟ್ ಸಿಗುವ ತನಕ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡುತ್ತಿದ್ದೆ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.