ಬೋನ್ಸಾಯ್‌ಗೆ ಚಳಿಗಾಲ: ನಾನು ಕಾಯುವುದು ಬೇರನ್ನು

ನಾನಿರುವುದು ಹಿಮ ಬೀಳುವ ಊರಿನಲ್ಲಿ. ಚಳಿಗಾಲ ಹತ್ತಿರ ಬಂತು ಅಂದರೆ ಹೊಸದಾಗಿ ಬೋನ್ಸಾಯ್ (ಕುಂಡದಲ್ಲಿ ಕುಬ್ಜವಾಗಿ ಬೆಳೆಸುವ ಮರ) ಬೆಳೆಸುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು: "ಗಿಡಗಳನ್ನ ಮನೆಯೊಳಗೆ ತಂದಿಟ್ಟರೆ ಆಯ್ತಲ್ವಾ?"

ಫೈಕಸ್, ಜೇಡ್ ತರಹದ ಬಿಸಿನಾಡಿನ ಗಿಡಗಳಾದರೆ ಹೌದು. ರಾತ್ರಿಯ ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಹತ್ತಿರ ಇಳಿಯಿತು ಅಂದರೆ ಅವನ್ನು ನಾನೂ ಒಳಗೆ ತರುತ್ತೇನೆ. ಆದರೆ ಮೇಪಲ್, ಜುನಿಪರ್, ಪೈನ್, ಲಾರ್ಚ್ ಇವೆಲ್ಲ ಚಳಿ ನಾಡಿನ ಮರಗಳು. ಇವಕ್ಕೆ ಚಳಿ ಬೇಕೇ ಬೇಕು. 0ಯಿಂದ 7 ಡಿಗ್ರಿಯೊಳಗಿನ ತಂಪಿನಲ್ಲಿ ಹಲವು ವಾರ ನಿದ್ದೆ ಮಾಡಿದರೆ ಮಾತ್ರ ವಸಂತದಲ್ಲಿ ಮೊಗ್ಗು ಸರಿಯಾಗಿ ಒಡೆಯುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಇಟ್ಟ ಜುನಿಪರ್ ನಿದ್ದೆ ಇಲ್ಲದೆ ಸೊರಗುತ್ತದೆ. ಅದು ಸತ್ತಿದೆ ಅಂತ ಗೊತ್ತಾಗುವುದು ತುಂಬ ತಡವಾಗಿ. ಯಾಕೆಂದರೆ ಬೇರು ಹೋದ ಮೇಲೂ ಅದರ ಎಲೆ ಕೆಲವು ವಾರ ಹಸಿರಾಗಿಯೇ ಕಾಣುತ್ತದೆ.

ಹಾಗಾದರೆ ಹೊರಗಿಟ್ಟು ಏನನ್ನು ಕಾಪಾಡಬೇಕು? ನನ್ನ ಉತ್ತರ ಒಂದೇ. ಕೊಂಬೆಯನ್ನಲ್ಲ, ಬೇರನ್ನು.

ಮರದ ಕಾಂಡ, ಕೊಂಬೆ ಚಳಿಗೆ ತಯಾರಾಗುತ್ತವೆ. ಹಗಲು ಚಿಕ್ಕದಾಗುತ್ತಾ, ರಾತ್ರಿ ತಣ್ಣಗಾಗುತ್ತಾ ಹೋದಂತೆ ಮರ ತನ್ನ ಜೀವಕೋಶಗಳಲ್ಲಿ ಸಕ್ಕರೆ ಕೂಡಿಡುತ್ತದೆ. ಕೋಶದೊಳಗಿನ ನೀರಿನ ಒಂದು ಪಾಲು ಹೊರಗಿನ ಸಂದುಗಳಿಗೆ ಬರುತ್ತದೆ. ಮಂಜುಗಡ್ಡೆ ಕಟ್ಟಿದರೂ ಅಲ್ಲೇ ಕಟ್ಟುತ್ತದೆ, ಕೋಶ ಒಡೆಯುವುದಿಲ್ಲ. ಬೇರು ಇಷ್ಟು ಗಟ್ಟಿಯಾಗುವುದಿಲ್ಲ. ಕಾಡಿನಲ್ಲಿ ಅದಕ್ಕೆ ಆ ಅಗತ್ಯವೇ ಬರುವುದಿಲ್ಲ. ಗಾಳಿ ಮೈನಸ್ 20 ಇದ್ದರೂ ಒಂದಡಿ ಆಳದ ಮಣ್ಣು ಅಷ್ಟು ತಣ್ಣಗಾಗುವುದಿಲ್ಲ. ಬೋನ್ಸಾಯ್ ಕುಂಡದಲ್ಲಿ ಇರುವುದು ನಾಲ್ಕೈದು ಸೆಂಟಿಮೀಟರ್ ಮಣ್ಣು. ಚಳಿ ಮೇಲಿನಿಂದ, ಕೆಳಗಿನಿಂದ, ನಾಲ್ಕೂ ಬದಿಯಿಂದ ನುಗ್ಗುತ್ತದೆ. ಜಪಾನೀಸ್ ಮೇಪಲ್‌ನ ಕೊಂಬೆ ಮೈನಸ್ 20ನ್ನೂ ತಾಳುತ್ತದೆ. ಅದರ ಎಳೆ ಬೇರು ಸುಮಾರು ಮೈನಸ್ 10ಕ್ಕೇ ಸಾಯುತ್ತದೆ. ಆದ್ದರಿಂದ ಒಂದು ಜಾತಿ ಎಷ್ಟು ಚಳಿ ತಡೆಯುತ್ತದೆ ಅಂತ ಪುಸ್ತಕದಲ್ಲಿ ನೋಡಿದರೆ, ಆ ಲೆಕ್ಕ ನೆಲದಲ್ಲಿರುವ ಮರದ್ದು ಅನ್ನುವುದನ್ನು ಮರೆಯಬೇಡಿ.

ನನ್ನ ಚಳಿಗಾಲದ ಕೆಲಸ ಶುರುವಾಗುವುದು ಬೇಸಿಗೆಯ ಕೊನೆಗೆ. ಆಗಿನಿಂದಲೇ ಸಾರಜನಕ ಜಾಸ್ತಿ ಇರುವ ಗೊಬ್ಬರ ನಿಲ್ಲಿಸುತ್ತೇನೆ. ಶರತ್ಕಾಲದಲ್ಲಿ ಎಳೆ ಚಿಗುರು ಬಂದರೆ ಅದು ಬಲಿಯುವ ಮೊದಲೇ ಹಿಮ ಬೀಳುತ್ತದೆ, ಚಿಗುರು ಸುಟ್ಟುಹೋಗುತ್ತದೆ. ಜೋರಾಗಿ ಕೊಂಬೆ ಕತ್ತರಿಸುವುದನ್ನೂ ಇದೇ ಕಾರಣಕ್ಕೆ ಆಗ ಮಾಡುವುದಿಲ್ಲ. ಮೊದಲ ಒಂದೆರಡು ಸಣ್ಣ ಹಿಮಕ್ಕೆ ಹೆದರಿ ಗಿಡಗಳನ್ನು ಮುಚ್ಚುವುದೂ ಇಲ್ಲ. ಮೈನಸ್ 2, ಮೈನಸ್ 3ರ ರಾತ್ರಿಗಳು ಅವಕ್ಕೆ ಅಭ್ಯಾಸ ಮಾಡಿಸುತ್ತವೆ. ಎಲೆ ಉದುರಿಸುವ ಮರಗಳು ಪೂರ್ತಿ ಎಲೆ ಉದುರಿಸಲಿ ಅಂತ ಕಾಯುತ್ತೇನೆ. ಆಮೇಲೆ ಮಣ್ಣಿನ ಮೇಲೆ ಬಿದ್ದ ಎಲೆ, ಒಣ ಪಾಚಿ, ಕಳೆ ಎಲ್ಲವನ್ನೂ ತೆಗೆಯುತ್ತೇನೆ. ಶಿಲೀಂಧ್ರ, ಕೀಟದ ಮೊಟ್ಟೆ ಅಡಗುವುದು ಅಲ್ಲೇ. ಬೋಳಾದ ಮರಗಳಿಗೆ ನೀರಿನಲ್ಲಿ ತೆಳುಮಾಡಿದ ಲೈಮ್ ಸಲ್ಫರ್ (ಶಿಲೀಂಧ್ರ, ಕೀಟ ಕೊಲ್ಲುವ ಸುಣ್ಣ-ಗಂಧಕದ ದ್ರಾವಣ) ಸಿಂಪಡಿಸುತ್ತೇನೆ. ಅದು ಮಣ್ಣಿಗೆ ಇಳಿಯದ ಹಾಗೆ ಕುಂಡದ ಬಾಯಿ ಮುಚ್ಚಿರಬೇಕು.

ರಾತ್ರಿಯ ತಾಪಮಾನ ಮೈನಸ್ 5ರ ಹತ್ತಿರ ನಿಲ್ಲತೊಡಗಿದಾಗ ಮರಗಳು ತಾವು ಕೂತಿದ್ದ ಬೆಂಚಿನಿಂದ ನೆಲಕ್ಕೆ ಇಳಿಯುತ್ತವೆ. ಈ ಇಳಿಸುವುದು ಸಣ್ಣ ಕೆಲಸದಂತೆ ಕಾಣುತ್ತದೆ. ಆದರೆ ನನ್ನ ಪ್ರಕಾರ ಇಡೀ ಚಳಿಗಾಲದಲ್ಲಿ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಬಬಲ್ ರ‍್ಯಾಪ್, ಗೋಣಿಚೀಲ ಇವು ಯಾವುವೂ ಶಾಖ ಹುಟ್ಟಿಸುವುದಿಲ್ಲ. ಇರುವ ಶಾಖವನ್ನು ಹಿಡಿದಿಡುತ್ತವೆ, ಅಷ್ಟೇ. ಬೆಂಚಿನ ಮೇಲಿನ ಕುಂಡಕ್ಕೆ ಎಷ್ಟೇ ಸುತ್ತಿದರೂ ಒಂದೆರಡು ರಾತ್ರಿಯಲ್ಲಿ ಒಳಗಿನ ಶಾಖ ಮುಗಿಯುತ್ತದೆ. ನೆಲ ಹಾಗಲ್ಲ. ಬೇಸಿಗೆಯ ಶಾಖವನ್ನು ಆಳದಲ್ಲಿ ಇಟ್ಟುಕೊಂಡು ಚಳಿಗಾಲವಿಡೀ ಸ್ವಲ್ಪಸ್ವಲ್ಪವೇ ಮೇಲೆ ಬಿಡುತ್ತದೆ. ಕುಂಡ ನೆಲಕ್ಕೆ ತಾಗಿದ್ದರೆ ಆ ಶಾಖ ಬೇರಿಗೆ ಸಿಗುತ್ತದೆ. ಹೊದಿಕೆಯ ಕೆಲಸ ಅದು ಹಾರಿಹೋಗದಂತೆ ತಡೆಯುವುದು.

ಜಾಗ ಆರಿಸುವಾಗ ಬಿಸಿಲು ಬೀಳದ, ಗಾಳಿ ನುಗ್ಗದ ಗೋಡೆಯ ಬದಿ ಹುಡುಕುತ್ತೇನೆ. ಬಿಸಿಲು ಬೇಡ ಅಂದರೆ ಹಲವರಿಗೆ ಆಶ್ಚರ್ಯ. ಚಳಿಗಾಲದ ಬಿಸಿಲು ಮಧ್ಯಾಹ್ನ ಕುಂಡವನ್ನು ಕರಗಿಸುತ್ತದೆ, ರಾತ್ರಿ ಅದು ಮತ್ತೆ ಗಡ್ಡೆ ಕಟ್ಟುತ್ತದೆ. ದಿನಾ ಹೀಗೆ ಆಗುತ್ತಿದ್ದರೆ ಎಳೆ ಬೇರು ಹರಿಯುತ್ತದೆ, ತೊಗಟೆ ಬಿರಿಯುತ್ತದೆ. ಒಮ್ಮೆ ಗಡ್ಡೆ ಕಟ್ಟಿದ್ದು ಹಾಗೇ ವಾರಗಟ್ಟಲೆ ಇದ್ದರೆ ಗಟ್ಟಿ ಜಾತಿಯ ಮರಗಳಿಗೆ ತೊಂದರೆ ಇಲ್ಲ. ಮರಗಳನ್ನು ದಣಿಸುವುದು ಚಳಿಗಿಂತ ಈ ಏರಿಳಿತ.

ಅಲ್ಲಿ ನೀರು ನಿಲ್ಲದ ಹಾಗೆ ಜಲ್ಲಿ ಹಾಸಿ, ಕುಂಡಗಳನ್ನು ಒತ್ತೊತ್ತಾಗಿ ಜೋಡಿಸುತ್ತೇನೆ. ಗಟ್ಟಿಮುಟ್ಟಾದ ಲಾರ್ಚ್, ಸ್ಕಾಟ್ಸ್ ಪೈನ್ ಹೊರಸಾಲಿಗೆ, ಸೂಕ್ಷ್ಮವಾದವು ನಡುವೆ. ಸಂದುಗಳಲ್ಲಿ ತೊಗಟೆ ಚೂರು ತುಂಬುತ್ತೇನೆ. ಕುಂಡದ ಅಂಚು ಮುಚ್ಚಿ, ಮಣ್ಣಿನ ಮೇಲೆ ಒಂದು ಹಿಡಿ ಎತ್ತರ ಬರಬೇಕು. ಒಣ ಎಲೆಯೂ ಆಗುತ್ತದೆ. ಆದರೆ ಎಲೆ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡರೆ ಒಳಗೆ ಗಾಳಿ ಉಳಿಯುವುದಿಲ್ಲ, ಗಾಳಿ ಇಲ್ಲದ ಹೊದಿಕೆಯಿಂದ ಉಪಯೋಗ ಕಡಿಮೆ. ಹುಲ್ಲು ಚೆನ್ನಾಗಿ ಬೆಚ್ಚಗಿಡುತ್ತದೆ, ಆದರೆ ಇಲಿಗಳಿಗೂ ಅದು ಇಷ್ಟ. ಹಿಮದಡಿ ಓಡಾಡುವ ಇಲಿಗಳು ಕಾಂಡದ ಬುಡದ ತೊಗಟೆಯನ್ನು ಸುತ್ತಲೂ ಕೆರೆದು ತಿನ್ನುತ್ತವೆ. ಹಾಗೆ ಉಂಗುರದಂತೆ ತೊಗಟೆ ಹೋದ ಮರ ಉಳಿಯುವುದು ಕಷ್ಟ. ಅದಕ್ಕೆ ಜಾಗದ ಸುತ್ತ ಸಣ್ಣ ಕಣ್ಣಿನ ತಂತಿಬಲೆ ಕಟ್ಟುತ್ತೇನೆ, ಬಲೆಯ ಅಂಚನ್ನು ಮಣ್ಣಿನಲ್ಲಿ ಹೂಳುತ್ತೇನೆ.

ಇನ್ನು ನೀರು. ಚಳಿಗಾಲದಲ್ಲಿ ನೀರು ಬೇಡ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಒಣಗಿದ ಮಣ್ಣು ಬೇಗ ತಣ್ಣಗಾಗುತ್ತದೆ. ಒದ್ದೆ ಮಣ್ಣು ಹಾಗಲ್ಲ. ಒಂದು ಕಿಲೋ ನೀರು 0 ಡಿಗ್ರಿಯಲ್ಲಿ ಗಡ್ಡೆಯಾಗುವಾಗ ಸುಮಾರು 334 ಕಿಲೋಜೂಲ್ ಶಾಖ ಬಿಡುತ್ತದೆ. ಅಷ್ಟೇ ನೀರು 80 ಡಿಗ್ರಿಯಿಂದ 0ಗೆ ತಣಿಯುವಾಗ ಬಿಡುವ ಶಾಖಕ್ಕೆ ಇದು ಸಮ! ಮಣ್ಣಿನ ನೀರೆಲ್ಲ ಗಡ್ಡೆಯಾಗುವವರೆಗೆ ಬೇರಿನ ಸುತ್ತಲಿನ ತಾಪಮಾನ 0ಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಾಗಾಗಿ ಕಡುಚಳಿ ಬರುವ ಮುನ್ಸೂಚನೆ ಸಿಕ್ಕರೆ ಹಿಂದಿನ ದಿನ ಬೆಳಗ್ಗೆ, ಮಣ್ಣು ಇನ್ನೂ ಮೆತ್ತಗಿರುವಾಗಲೇ ಚೆನ್ನಾಗಿ ನೀರು ಹಾಕುತ್ತೇನೆ. ಸಂಜೆ ಹಾಕುವುದಿಲ್ಲ. ಹೆಚ್ಚಿನ ನೀರು ಬಸಿದುಹೋಗಲು ಹಗಲು ಬೇಕು. ಗಡ್ಡೆ ಕಟ್ಟಿದ ಕುಂಡಕ್ಕೆ ನೀರು ಹಾಕಿ ಪ್ರಯೋಜನವಿಲ್ಲ. ಬಿಸಿನೀರು ಸುರಿದು ಕರಗಿಸುವುದಂತೂ ಬೇಡವೇ ಬೇಡ.

ಜುನಿಪರ್, ಪೈನ್‌ನಂಥ ನಿತ್ಯಹಸಿರು ಮರಗಳಿಗೆ ಇನ್ನೊಂದು ಅಪಾಯ ಇದೆ. ಗಾಳಿ, ಬಿಸಿಲು ಎಲೆಯಿಂದ ನೀರು ಎಳೆಯುತ್ತಲೇ ಇರುತ್ತವೆ. ಬೇರಿನ ಸುತ್ತ ಮಂಜುಗಡ್ಡೆ ಇರುವಾಗ ಆ ನೀರು ಮರಕ್ಕೆ ವಾಪಸ್ ಸಿಗುವುದಿಲ್ಲ. ಮರ ಸಾಯುವುದು ಬಾಯಾರಿ. ಇದನ್ನೇ ನಾವು ಚಳಿಗೆ ಸತ್ತಿತು ಅನ್ನುತ್ತೇವೆ. ಗಾಳಿ ಬರುವ ಕಡೆ ನಾನು ಗೋಣಿಬಟ್ಟೆಯ ತಡೆ ಕಟ್ಟುವುದು ಇದಕ್ಕೇ. ಪ್ಲಾಸ್ಟಿಕ್ ಹಾಳೆಯನ್ನು ಮರಕ್ಕೆ ನೇರ ಸುತ್ತುವುದಿಲ್ಲ, ಬಿಸಿಲು ಬಿದ್ದರೆ ಒಳಗೆ ಬೇಯುತ್ತದೆ. ಅಂದ ಹಾಗೆ, ಜುನಿಪರ್ ಚಳಿಗಾಲದಲ್ಲಿ ಕಂದು, ನೇರಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಅದು ಕಾಯಿಲೆಯಲ್ಲ. ವಸಂತದಲ್ಲಿ ಹಸಿರು ಮರಳುತ್ತದೆ.

ಹಿಮ ಬಿದ್ದರೆ ನನಗೆ ಸಮಾಧಾನ. ಹೊಸ ಹಿಮದಲ್ಲಿ ಬಹುಪಾಲು ಗಾಳಿಯೇ ಇರುತ್ತದೆ, ತುಂಬ ಒಳ್ಳೆಯ ಹೊದಿಕೆ ಅದು. ಕುಂಡದ ಮೇಲೆ ಬಿದ್ದದ್ದನ್ನು ಹಾಗೇ ಬಿಡುತ್ತೇನೆ. ಕೊಂಬೆಯ ಮೇಲೆ ಒದ್ದೆ ಹಿಮ ಭಾರವಾಗಿ ಕೂತರೆ ಮಾತ್ರ ಮೆತ್ತನೆ ಬ್ರಶ್ಶಿನಿಂದ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಎತ್ತಿ ಸರಿಸುತ್ತೇನೆ. ಗಡ್ಡೆಯಾಗಿ ಅಂಟಿಕೊಂಡಿದ್ದರೆ ಮುಟ್ಟುವುದಿಲ್ಲ. ಆಗ ಕೊಂಬೆ ತುಂಬ ಪೆಡಸು, ಸ್ವಲ್ಪ ಬಗ್ಗಿಸಿದರೂ ಲಟಕ್ ಅನ್ನುತ್ತದೆ. ತಂತಿ ಸುತ್ತುವ ಕೆಲಸವೂ ಆ ದಿನಗಳಲ್ಲಿ ಇಲ್ಲ.

ಕುಂಡದ ಬಗ್ಗೆ ಒಂದು ಮಾತು. ನೀರು ಗಡ್ಡೆಯಾದಾಗ ಶೇಕಡ 9ರಷ್ಟು ಹಿಗ್ಗುತ್ತದೆ. ಕಡಿಮೆ ಶಾಖದಲ್ಲಿ ಸುಟ್ಟ ಕುಂಡ ನೀರು ಹೀರುತ್ತದೆ, ಹಾಗಾಗಿ ಪದರ ಪದರವಾಗಿ ಉದುರುತ್ತದೆ. ಹೆಚ್ಚು ಶಾಖದಲ್ಲಿ ಸುಟ್ಟ ಸ್ಟೋನ್‌ವೇರ್ ತಡೆಯುತ್ತದೆ. ಆದರೆ ಅದರಲ್ಲೂ ಬಾಯಿ ಒಳಕ್ಕೆ ಬಾಗಿದ ಕುಂಡ ಬಿರಿಯುವ ಸಂಭವ ಜಾಸ್ತಿ, ಹಿಗ್ಗಿದ ಮಣ್ಣಿಗೆ ಮೇಲೇಳಲು ದಾರಿ ಇರುವುದಿಲ್ಲ.

ಕೆಲವು ಮರಗಳಿಗೆ ನೆಲದ ಹೊದಿಕೆ ಸಾಲದು. ಟ್ರೈಡೆಂಟ್ ಮೇಪಲ್‌ನ ಬೇರು ದಪ್ಪ, ನೀರು ತುಂಬಿಕೊಂಡಿರುತ್ತದೆ. ಅದನ್ನೂ, ಅದೇ ವರ್ಷ ಬೇರು ಕತ್ತರಿಸಿದ ಮರಗಳನ್ನೂ, ತುಂಬ ಚಿಕ್ಕ ಕುಂಡದವನ್ನೂ ಬಿಸಿ ಮಾಡದ ಗ್ಯಾರೇಜಿನಲ್ಲಿ ಇಡುತ್ತೇನೆ. ಎಲೆ ಇಲ್ಲದ ಮರಕ್ಕೆ ಅಲ್ಲಿ ಬೆಳಕು ಬೇಡ. ಗರಿಷ್ಠ, ಕನಿಷ್ಠ ಎರಡನ್ನೂ ತೋರಿಸುವ ಥರ್ಮಾಮೀಟರ್ ಒಂದನ್ನು ಕುಂಡದ ಮಟ್ಟದಲ್ಲೇ ಇಡುತ್ತೇನೆ. ಮೈನಸ್ 3ರಿಂದ ಪ್ಲಸ್ 5 ಡಿಗ್ರಿಯೊಳಗೆ ಇದ್ದರೆ ನನಗೆ ನೆಮ್ಮದಿ. 7 ದಾಟಿ ನಿಂತರೆ ಮಧ್ಯಾಹ್ನದ ಬಿಸಿ ಒಳಗೆ ಬರದಂತೆ ಬಾಗಿಲು ಮುಚ್ಚಿಟ್ಟು, ರಾತ್ರಿಯ ತಂಪಿಗೆ ತೆರೆಯುತ್ತೇನೆ. ಅಲ್ಲಿ ಮಳೆ, ಹಿಮ ಬೀಳುವುದಿಲ್ಲವಾದ್ದರಿಂದ ಮಣ್ಣು ಸುಮ್ನೆ ಒಣಗುತ್ತಾ ಹೋಗುತ್ತದೆ. ಬೆರಳಿಟ್ಟು ನೋಡುವುದು ತಪ್ಪಬಾರದು.

ನಿಜ ಹೇಳಬೇಕೆಂದರೆ ನಡು ಚಳಿಗಾಲಕ್ಕಿಂತ ನನಗೆ ಭಯ ಜಾಸ್ತಿ ಇರುವುದು ವಸಂತದ ಶುರುವಿನಲ್ಲಿ. ನಾಲ್ಕು ದಿನ ಬೆಚ್ಚಗಾದರೆ ಮರ ಎಚ್ಚರವಾಗುತ್ತದೆ. ಮೊಗ್ಗು ಊದಿತು ಅಂದರೆ ಚಳಿ ತಡೆಯುವ ಶಕ್ತಿ ಹೋಯಿತು. ಚಳಿಗಾಲದಲ್ಲಿ ಮೈನಸ್ 15 ತಾಳಿದ ಕೊಂಬೆಯ ಹೊಸ ಎಲೆ ಮೈನಸ್ 2ಕ್ಕೇ ಕಪ್ಪಾಗುತ್ತದೆ. ಆದ್ದರಿಂದ ಹೊದಿಕೆಯನ್ನು ಒಂದೇ ಸಲ ತೆಗೆಯುವುದಿಲ್ಲ. ಮೊದಲು ಕುಂಡದ ಅಂಚು ಕಾಣುವಷ್ಟು ಸರಿಸಿ, ಕೆಲವು ದಿನ ಬಿಟ್ಟು ಉಳಿದದ್ದು. ಗ್ಯಾರೇಜಿನ ಮರಗಳನ್ನು ಮೊಗ್ಗಿನ ತುದಿಯಲ್ಲಿ ಹಸಿರು ಕಂಡ ಕೂಡಲೇ ಬೆಳಕಿಗೆ ತರುತ್ತೇನೆ, ಇಲ್ಲದಿದ್ದರೆ ಚಿಗುರು ಉದ್ದುದ್ದ, ಬಿಳಿಚಿಕೊಂಡು ಬರುತ್ತದೆ. ಹಗಲು ಹೊರಗೆ, ಹಿಮದ ಸೂಚನೆ ಇರುವ ರಾತ್ರಿ ಒಳಗೆ. ಆಕಾಶ ತಿಳಿಯಾಗಿದ್ದು ಗಾಳಿ ಇಲ್ಲದ ರಾತ್ರಿಗಳಲ್ಲಿ ವಿಶೇಷ ಎಚ್ಚರ ಬೇಕು. ಮುನ್ಸೂಚನೆ 2 ಡಿಗ್ರಿ ಅಂದರೂ ಅಂಥ ರಾತ್ರಿ ಬಯಲಿನಲ್ಲಿರುವ ಎಲೆಯ ಮೇಲೆ ತೇವ ಹೆಪ್ಪುಗಟ್ಟಿ ಹಿಮ ಕೂರುತ್ತದೆ. ಹೊತ್ತು ತರಲಾಗದ ದೊಡ್ಡ ಮರಗಳ ಮೇಲೆ ಕೋಲು ನಿಲ್ಲಿಸಿ ಹಳೆಯ ಬೆಡ್‌ಶೀಟ್ ಹರಡುತ್ತೇನೆ, ಎಲೆಗೆ ತಾಗದ ಹಾಗೆ. ಬೆಳಗ್ಗೆ ಬಿಸಿಲೇರುವ ಮೊದಲು ತೆಗೆಯುತ್ತೇನೆ.

ಕುಂಡ ಬದಲಿಸುವುದು ಇದೇ ಹೊತ್ತಿಗೆ, ಮೊಗ್ಗು ಊದಿ ಎಲೆ ಬಿಚ್ಚುವ ಮೊದಲು. ಹಾಗೆ ಬದಲಿಸಿದ ಮರ ಹಿಮದ ರಾತ್ರಿಗಳು ಪೂರ್ತಿ ಮುಗಿಯುವವರೆಗೆ ಬೆಂಚಿಗೆ ಹೋಗುವುದಿಲ್ಲ. ಹೊಸದಾಗಿ ಹೊರಟ ಬಿಳಿ ಬೇರಿನ ತುದಿಗೆ ಗಡ್ಡೆ ಕಟ್ಟುವ ಚಳಿಯನ್ನು ತಡೆಯುವ ಶಕ್ತಿ ಇರುವುದಿಲ್ಲ. ಉಳಿದವು ಒಂದೊಂದಾಗಿ ಮೇಲೇರುತ್ತವೆ. ಮೊದಲು ಲಾರ್ಚ್, ಪೈನ್, ಆಮೇಲೆ ಜುನಿಪರ್, ಕೊನೆಗೆ ಮೇಪಲ್.